ಟರ್ಮಿನಲ್‌ನಿಂದ ಸದ್ದು ಹೊರಡಿಸುವುದು: ಸೌಂಡ್ ಸರ್ವರ್ ಮೂಲಕ ಆಡಿಯೊ ಫೈಲ್ ನುಡಿಸುವ ಸಮಗ್ರ ಮಾರ್ಗದರ್ಶಿ

ಲಿನಕ್ಸ್ ಟರ್ಮಿನಲ್‌ನಲ್ಲಿ ಹಾಡು ನುಡಿಸುವ ಕಮಾಂಡ್ ಕೊಡುತ್ತೀರಿ. ದೋಷದ ಸಂದೇಶ ಬರುವುದಿಲ್ಲ. ಹಾಡಿನ ಉದ್ದಕ್ಕೆ ಸರಿಯಾಗಿ ಕಾದು ಕರ್ಸರ್ ವಾಪಸು ಬರುತ್ತದೆ. ಸದ್ದು ಮಾತ್ರ ಕೇಳಿಸಿರುವುದಿಲ್ಲ. ಕಮಾಂಡ್ ಸುಳ್ಳು ಹೇಳಿಲ್ಲ. ಅದರ ಕೆಲಸ ಫೈಲನ್ನು ಬಿಡಿಸಿ ಸೌಂಡ್ ಸರ್ವರ್‌ನ ಕೈಗೆ ಕೊಡುವುದು, ಅದನ್ನು ಕೊಟ್ಟಾಗಿದೆ. ಸ್ಪೀಕರ್‌ವರೆಗೆ ತಲುಪಿಸುವ ಹೊಣೆ ಸರ್ವರ್‌ನದು. ಈ ಒಂದು ಸಂಗತಿ ತಲೆಯಲ್ಲಿದ್ದರೆ ಮುಂದಿನ ಅರ್ಧ ತೊಂದರೆಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಮೊದಲೇ ಒಂದು ಮಾತು. ಇಲ್ಲಿ ಕಮಾಂಡ್‌ಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇವೆ. ಹೈಫನ್, ಸಮ ಚಿಹ್ನೆ, ಅಂಕಿ ಇದ್ದಂತೆಯೇ ಇರಲಿ. ಪದೇ ಪದೇ ಬರುವ ಹೆಸರುಗಳು ನಾಲ್ಕೇ: ಪಿಎಪ್ಲೇ ಎಂದರೆ ಪಿ, ಎ, ಪಿ, ಎಲ್, ಎ, ವೈ, ಪಿಎಸಿಟಿಎಲ್ ಓದಿದಂತೆಯೇ ಐದು ಅಕ್ಷರ, ಪಿಎಕ್ಯಾಟ್ ಎಂದರೆ ಪಿ, ಎ, ಸಿ, ಎ, ಟಿ, ಪಿಡಬ್ಲ್ಯು-ಪ್ಲೇ ಎಂದರೆ ಪಿ, ಡಬ್ಲ್ಯು, ಹೈಫನ್, ಆಮೇಲೆ ಪ್ಲೇ. ಫೈಲಿನ ಹೆಸರು ಮಾತ್ರ ಕನ್ನಡದಲ್ಲೇ ಇರಬಹುದು, ಯಾವ ಅಡ್ಡಿಯೂ ಇಲ್ಲ.

ನಡುವೆ ಯಾರ‍್ಯಾರು ಇದ್ದಾರೆ

ತಳದಲ್ಲಿ ಆಲ್ಸಾ ಇದೆ. ಇದು ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗಿನ ಡ್ರೈವರ್‌ಗಳ ಪದರ, ಸೌಂಡ್ ಕಾರ್ಡ್‌ ಜೊತೆ ನೇರ ಮಾತಾಡುವುದು ಇದೊಂದೇ. ಕಾರ್ಡನ್ನು ಒಂದು ಪ್ರೋಗ್ರಾಮ್ ನೇರವಾಗಿ ಹಿಡಿದುಕೊಂಡರೆ ಸಾಮಾನ್ಯವಾಗಿ ಇನ್ನೊಂದಕ್ಕೆ ಜಾಗವಿಲ್ಲ. ಆದ್ದರಿಂದ ಮೇಲೆ ಒಂದು ಸರ್ವರ್ ಕೂತು, ಎಲ್ಲರ ಸದ್ದನ್ನೂ ತೆಗೆದುಕೊಂಡು, ಬೆರೆಸಿ, ಒಂದೇ ಧಾರೆಯಾಗಿ ಕೆಳಗೆ ಬಿಡುತ್ತದೆ. 2004ರಲ್ಲಿ ಪೋಲಿಪ್‌ಆಡಿಯೊ ಎಂಬ ಹೆಸರಿನಲ್ಲಿ ಹುಟ್ಟಿ 2006ರಲ್ಲಿ ಪಲ್ಸ್‌ಆಡಿಯೊ ಆದ ಸರ್ವರ್ ಬಹಳ ವರ್ಷ ಈ ಕೆಲಸ ಮಾಡಿತು. ಫೆಡೋರಾ 2007ರ 8ನೇ ಆವೃತ್ತಿಯಲ್ಲಿ, ಉಬುಂಟು 8.04ರಲ್ಲಿ ಅದನ್ನು ಒಪ್ಪಿಕೊಂಡವು. ಈಗ ಆ ಜಾಗಕ್ಕೆ ಪೈಪ್‌ವೈರ್ ಬಂದಿದೆ: ಫೆಡೋರಾ 34ರಿಂದ, ಉಬುಂಟು 22.10ರಿಂದ. ಪೈಪ್‌ವೈರ್ ತನ್ನ ಜೊತೆ ಪೈಪ್‌ವೈರ್-ಪಲ್ಸ್ ಎಂಬ ಸೇವೆಯನ್ನು ತರುತ್ತದೆ. ಅದು ಪಲ್ಸ್‌ಆಡಿಯೊದ ಹಳೆಯ ಬಾಗಿಲಲ್ಲೇ ಕೂತು ಅದೇ ಭಾಷೆಯಲ್ಲಿ ಉತ್ತರಿಸುವುದರಿಂದ ಹಳೆಯ ಕಮಾಂಡ್‌ಗಳು ಬದಲಾವಣೆಯಿಲ್ಲದೆ ನಡೆಯುತ್ತವೆ. ಹಾಗಾಗಿ ಪಿಎಪ್ಲೇ ಕಲಿತರೆ ಎರಡೂ ಕಡೆ ಕೆಲಸಕ್ಕೆ ಬರುತ್ತದೆ. ಹೊಸದಾಗಿ ಕಲಿಯುವವರಿಗೂ ಅದನ್ನೇ ಮೊದಲು ಹೇಳುತ್ತೇವೆ.

ಹಂತ 1: ಸರ್ವರ್ ಯಾವುದು, ಎದ್ದಿದೆಯೇ

ಪಿಎಪ್ಲೇ, ಪಿಎಸಿಟಿಎಲ್ ಎರಡೂ ಡೆಬಿಯನ್, ಉಬುಂಟು, ಫೆಡೋರಾಗಳಲ್ಲಿ ಪಲ್ಸ್‌ಆಡಿಯೊ-ಯುಟಿಲ್ಸ್ ಎಂಬ ಪ್ಯಾಕೇಜಿನಲ್ಲಿವೆ, ಆರ್ಚ್‌ನಲ್ಲಿ ಲಿಬ್‌ಪಲ್ಸ್‌ನಲ್ಲಿ. ಹೆಸರಿನಲ್ಲಿ ಪಲ್ಸ್‌ಆಡಿಯೊ ಇದ್ದರೂ ಈ ಪ್ಯಾಕೇಜ್ ಹಾಕಿದರೆ ಸರ್ವರ್ ಬದಲಾಗುವುದಿಲ್ಲ, ಇವು ಬರೀ ಉಪಕರಣಗಳು. ಪಿಡಬ್ಲ್ಯು-ಪ್ಲೇ ಬೇಕಿದ್ದರೆ ಡೆಬಿಯನ್, ಉಬುಂಟುಗಳಲ್ಲಿ ಪೈಪ್‌ವೈರ್-ಬಿನ್, ಫೆಡೋರಾದಲ್ಲಿ ಪೈಪ್‌ವೈರ್-ಯುಟಿಲ್ಸ್. ಹಾಕಿದ ಮೇಲೆ:

ಪಿಎಸಿಟಿಎಲ್ ಇನ್ಫೊ

ಉತ್ತರದಲ್ಲಿ ಮೂರು ಸಾಲು ನೋಡಿ. ಸರ್ವರ್ ನೇಮ್ ಎಂಬಲ್ಲಿ ಬರೀ ಪಲ್ಸ್‌ಆಡಿಯೊ ಎಂದಿದ್ದರೆ ಹಳೆಯದು, ‘ಪಲ್ಸ್‌ಆಡಿಯೊ (ಆನ್ ಪೈಪ್‌ವೈರ್...)’ ಎಂದು ಆವೃತ್ತಿಯ ಸಂಖ್ಯೆ ಸಮೇತ ಬಂದರೆ ಹೊಸದು. ಡೀಫಾಲ್ಟ್ ಸ್ಯಾಂಪಲ್ ಸ್ಪೆಸಿಫಿಕೇಶನ್ ಸಾಲು ಸರ್ವರ್ ಯಾವ ವೇಗದಲ್ಲಿ ಓಡುತ್ತಿದೆ ಎಂದು ಹೇಳುತ್ತದೆ: ಪಲ್ಸ್‌ಆಡಿಯೊದಲ್ಲಿ ಸಾಮಾನ್ಯವಾಗಿ 44100 ಹರ್ಟ್ಸ್, ಪೈಪ್‌ವೈರ್‌ನಲ್ಲಿ 48000. ಮೂರನೆಯದು ಡೀಫಾಲ್ಟ್ ಸಿಂಕ್. ಸದ್ದು ಹೋಗಿ ಬೀಳುವ ಜಾಗಕ್ಕೆ ಸಿಂಕ್ ಎಂದು ಹೆಸರು. ಲ್ಯಾಪ್‌ಟಾಪ್ ಸ್ಪೀಕರ್ ಒಂದು ಸಿಂಕ್, ಬ್ಲೂಟೂತ್ ಹೆಡ್‌ಫೋನ್ ಇನ್ನೊಂದು, ಎಚ್‌ಡಿಎಂಐನಲ್ಲಿ ಸಿಕ್ಕಿಸಿದ ಟಿವಿ ಮತ್ತೊಂದು.

ಆ ಸಾಲಿನಲ್ಲಿ ಆಟೊ_ನಲ್ ಎಂದಿದ್ದರೆ ಅಲ್ಲೇ ನಿಲ್ಲಿ. ಸರ್ವರ್‌ಗೆ ನಿಜವಾದ ಕಾರ್ಡ್ ಯಾವುದೂ ಕಂಡಿಲ್ಲ, ಅದಕ್ಕೆ ತಾನೇ ಒಂದು ಸುಳ್ಳು ಸಿಂಕ್ ಹುಟ್ಟಿಸಿಕೊಂಡಿದೆ. ಸೆಟ್ಟಿಂಗ್ಸ್ ಕಿಟಕಿಯಲ್ಲಿ ಡಮ್ಮಿ ಔಟ್‌ಪುಟ್ ಎಂದು ಕಾಣುವುದು ಇದೇ. ಇದಕ್ಕೆ ಎಷ್ಟು ಹಾಡು ಸುರಿದರೂ ಹೊಳೆಯಲ್ಲಿ ಹುಣಸೆ ತೊಳೆದಂತೆ. ಕಮಾಂಡ್ ಯಶಸ್ವಿಯಾಗಿ ಮುಗಿಯುತ್ತದೆ, ಸದ್ದು ಇರುವುದಿಲ್ಲ. ಮೊದಲ ಪ್ಯಾರಾದ ಒಗಟಿಗೆ ಬಹಳಷ್ಟು ಸಲ ಉತ್ತರ ಇದೇ.

ಪಿಎಸಿಟಿಎಲ್‌ಗೆ ಉತ್ತರವೇ ಬರದೆ ‘ಕನೆಕ್ಷನ್ ರೆಫ್ಯೂಸ್ಡ್’ ಎಂದರೆ ಸರ್ವರ್ ಎದ್ದಿಲ್ಲ. ಪೈಪ್‌ವೈರ್ ಇರುವ ಯಂತ್ರದಲ್ಲಿ:

ಸಿಸ್ಟಮ್‌ಸಿಟಿಎಲ್ --ಯೂಸರ್ ರೀಸ್ಟಾರ್ಟ್ ಪೈಪ್‌ವೈರ್ ಪೈಪ್‌ವೈರ್-ಪಲ್ಸ್ ವೈರ್‌ಪ್ಲಂಬರ್

ಮುಂದೆ ಸುಡೊ ಸೇರಿಸಬೇಡಿ. ಇವು ಬಳಕೆದಾರರ ಸೇವೆಗಳು, ಯಂತ್ರದ ಆಡಳಿತದ ಖಾತೆಯಾದ ರೂಟ್‌ನವಲ್ಲ. ವೈರ್‌ಪ್ಲಂಬರ್ ಎಂದರೆ ಯಾವ ಕೊಳವೆ ಎಲ್ಲಿಗೆ ಜೋಡಿಸಬೇಕೆಂದು ನಿರ್ಧರಿಸುವ ಭಾಗ. ಅದೊಂದು ಸತ್ತಿದ್ದರೂ ಸರ್ವರ್ ಜೀವಂತ ಕಾಣುತ್ತದೆ, ಆದರೆ ಸಿಂಕ್‌ಗಳು ಮಾಯವಾಗಿರುತ್ತವೆ.

ಹಂತ 2: ಮೊದಲು ನಂಬಬಹುದಾದ ಫೈಲ್

ನಿಮ್ಮ ಫೈಲ್ ಬದಿಗಿಡಿ. ಆಲ್ಸಾ-ಯುಟಿಲ್ಸ್ ಪ್ಯಾಕೇಜ್ ಇದ್ದರೆ ಯಂತ್ರದಲ್ಲೇ ಒಂದು ಪರೀಕ್ಷಾ ಧ್ವನಿ ಇರುತ್ತದೆ:

ಪಿಎಪ್ಲೇ /ಯುಎಸ್‌ಆರ್/ಶೇರ್/ಸೌಂಡ್ಸ್/ಆಲ್ಸಾ/ಫ್ರಂಟ್_ಸೆಂಟರ್.ಡಬ್ಲ್ಯುಎವಿ

ಫ್ರಂಟ್, ಸೆಂಟರ್ ಎರಡರ ಮೊದಲಕ್ಷರ ದೊಡ್ಡದು. ಅದೇ ಎರಡು ಪದಗಳನ್ನು ಹೇಳುವ ದನಿ ಕೇಳಿಸಿದರೆ ಕಮಾಂಡ್‌ನಿಂದ ಸ್ಪೀಕರ್‌ವರೆಗಿನ ದಾರಿ ಪೂರ್ತಿ ಸರಿ. ಇನ್ನು ಕೆಟ್ಟರೆ ನಿಮ್ಮ ಫೈಲಿನದೇ ತಪ್ಪು. ಕೇಳಿಸದಿದ್ದರೆ ಕೊನೆಯ ಭಾಗಕ್ಕೆ ಹಾರಿ.

ಪೈಪ್‌ವೈರ್‌ನ ಸ್ವಂತ ಕಮಾಂಡ್ ಪಿಡಬ್ಲ್ಯು-ಪ್ಲೇ ಕೂಡ ಹೀಗೇ ಫೈಲಿನ ಹೆಸರನ್ನಷ್ಟೇ ಕೇಳುತ್ತದೆ. ಪಿಎಪ್ಲೇ ಕೈಕೊಟ್ಟು ಇದು ನಡೆದರೆ ಪೈಪ್‌ವೈರ್ ಚೆನ್ನಾಗಿದೆ, ಪೈಪ್‌ವೈರ್-ಪಲ್ಸ್ ಮಾತ್ರ ಬಿದ್ದಿದೆ ಎಂದು ತಿಳಿಯುತ್ತದೆ.

ಎಪ್ಲೇ ಎಂಬ ಇನ್ನೊಂದು ಕಮಾಂಡನ್ನು ಹಳೆಯ ಟಿಪ್ಪಣಿಗಳೆಲ್ಲ ಶಿಫಾರಸು ಮಾಡುತ್ತವೆ. ಅದು ಆಲ್ಸಾದ್ದು, ಡಬ್ಲ್ಯುಎವಿಯಂಥ ಬಿಚ್ಚಿಟ್ಟ ಫಾರ್ಮ್ಯಾಟ್‌ಗಳಷ್ಟೇ ಅದಕ್ಕೆ ಗೊತ್ತು. ಎಂಪಿ3 ಕೊಟ್ಟರೆ ‘ಗೊತ್ತಿಲ್ಲ’ ಎನ್ನುವ ಬದಲು ಫೈಲಿನ ಬೈಟ್‌ಗಳನ್ನೇ 8000 ಹರ್ಟ್ಸ್‌ನ 8 ಬಿಟ್ ಸದ್ದು ಎಂದುಕೊಂಡು ನುಡಿಸಲು ಹೊರಡುತ್ತದೆ. ಕಿವಿ ಹರಿಯುವ ಗೊರಗೊರ ಶಬ್ದ. ಹೆಡ್‌ಫೋನ್ ಹಾಕಿಕೊಂಡು ಈ ಪ್ರಯೋಗ ಬೇಡ.

ಹಂತ 3: ಯಾವ ಫೈಲ್ ನಡೆಯುತ್ತದೆ, ಯಾವುದು ಇಲ್ಲ

ಪಿಎಪ್ಲೇಗೂ ಪಿಡಬ್ಲ್ಯು-ಪ್ಲೇಗೂ ಫೈಲ್ ಬಿಡಿಸುವ ಸ್ವಂತ ಡಿಕೋಡರ್ ಇಲ್ಲ. ಎರಡೂ ಲಿಬ್‌ಸ್ನಡ್‌ಫೈಲ್ ಎಂಬ ಲೈಬ್ರರಿಯನ್ನು ನೆಚ್ಚಿಕೊಂಡಿವೆ. ನಿಮ್ಮ ಫೈಲ್ ನಡೆಯುತ್ತದೋ ಇಲ್ಲವೋ ಎಂಬುದು ಈ ಲೈಬ್ರರಿಯ ಆವೃತ್ತಿಗೆ ಬಿಟ್ಟದ್ದು. ಡಬ್ಲ್ಯುಎವಿ, ಫ್ಲ್ಯಾಕ್, ಓಗ್ ವೋರ್ಬಿಸ್ ಎಲ್ಲ ಕಡೆ ಸರಿ. ಓಪಸ್ 1.0.29ರಿಂದ ಬಂತು. ಎಂಪಿ3 ಬಂದದ್ದು 1.1.0ರಲ್ಲಿ, ಅಂದರೆ 2022ರಲ್ಲಿ. ಎಂಪಿ3ಯ ಪೇಟೆಂಟ್‌ಗಳು ಅಮೆರಿಕದಲ್ಲಿ 2017ರವರೆಗೆ ಜೀವಂತವಿದ್ದವು, ಮುಕ್ತ ತಂತ್ರಾಂಶಗಳು ಅದರಿಂದ ದೂರವಿದ್ದದ್ದಕ್ಕೆ ಅದೂ ಒಂದು ಕಾರಣ.

ಉಬುಂಟು 20.04ರಲ್ಲಿ ವಾಟ್ಸ್‌ಆ್ಯಪ್‌ನಿಂದ ಇಳಿಸಿಕೊಂಡ ಓಪಸ್ ಧ್ವನಿ ಸಂದೇಶ ಪಿಎಪ್ಲೇಯಲ್ಲಿ ತೆರೆಯದು, 22.04ರಲ್ಲಿ ತೆರೆಯುತ್ತದೆ. 22.04ರಲ್ಲಿ ಎಂಪಿ3 ನಡೆಯದು. ಡೆಬಿಯನ್ 12 ಅಥವಾ ಉಬುಂಟು 24.04ರಲ್ಲಿ ನಡೆಯುತ್ತದೆ. ಎಂ4ಎ ಎಲ್ಲೂ ಇಲ್ಲ. ನಿಮ್ಮ ಯಂತ್ರದ ಪಟ್ಟಿ ಬೇಕಿದ್ದರೆ:

ಪಿಎಪ್ಲೇ --ಲಿಸ್ಟ್-ಫೈಲ್-ಫಾರ್ಮ್ಯಾಟ್ಸ್

ದೋಷದ ಸಂದೇಶ ಎರಡು ಬಗೆ, ಕಣ್ಣಿಟ್ಟು ಓದಿ. ‘ಓಪನ್(): ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂದರೆ ಹೆಸರು ಅಥವಾ ದಾರಿ ತಪ್ಪು. ‘ಫೇಲ್ಡ್ ಟು ಓಪನ್ ಆಡಿಯೊ ಫೈಲ್’ ಎಂದರೆ ಫೈಲ್ ಸಿಕ್ಕಿದೆ, ಒಳಗಿನ ಫಾರ್ಮ್ಯಾಟ್ ಅರ್ಥವಾಗಿಲ್ಲ. ಎರಡನೆಯದನ್ನು ನೋಡಿ ಫೈಲಿನ ಅನುಮತಿಗಳನ್ನು ತಿದ್ದುತ್ತಾ ಕೂರಬೇಡಿ. ಫೈಲ್ ಎಂಬ ಕಮಾಂಡ್‌ಗೆ ಹೆಸರು ಕೊಟ್ಟರೆ ಒಳಗೇನಿದೆ ಎಂದು ಹೇಳುತ್ತದೆ. ಬಾಲದಲ್ಲಿ ಎಂಪಿ3 ಎಂದಿದ್ದು ಒಳಗೆ ಬೇರೇನೋ ಇರುವ ಫೈಲ್‌ಗಳು ನೀವೆಣಿಸಿದ್ದಕ್ಕಿಂತ ಹೆಚ್ಚು.

ಪಿಎಪ್ಲೇಗೆ ಒಗ್ಗದ ಫೈಲ್‌ಗೆ ಎಂಪಿವಿ ಎಂಬ ಪ್ಲೇಯರ್ ಸಾಕು:

ಎಂಪಿವಿ --ನೋ-ವಿಡಿಯೊ ಹಾಡು.ಎಂ4ಎ

ಇದೂ ಸೌಂಡ್ ಸರ್ವರ್ ಮೂಲಕವೇ ಹೋಗುತ್ತದೆ. ಎಂಪಿ3 ಒಂದಕ್ಕೇ ಆದರೆ ಎಂಪಿಜಿ123 ಹಗುರ, ಅದಕ್ಕೆ -ಒ ಪಲ್ಸ್ ಎಂದು ಹೇಳಬೇಕು. ನಮ್ಮ ಅಭಿಪ್ರಾಯ ಕೇಳಿದರೆ, ಮತ್ತೆ ಮತ್ತೆ ನುಡಿಸಬೇಕಾದ ಗಂಟೆ, ಸೂಚನೆಗಳನ್ನು ಒಮ್ಮೆ ಫ್ಲ್ಯಾಕ್‌ಗೆ ಬದಲಿಸಿಟ್ಟುಬಿಡಿ:

ಎಫ್‌ಎಫ್‌ಎಂಪೆಗ್ -ಐ ಗಂಟೆ.ಎಂ4ಎ ಗಂಟೆ.ಫ್ಲ್ಯಾಕ್

ಗುಣಮಟ್ಟವೇನೂ ಮೇಲೇರುವುದಿಲ್ಲ. ಆದರೆ ಯಾವ ಹಳೆಯ ಯಂತ್ರಕ್ಕೆ ಒಯ್ದರೂ ನಡೆಯುತ್ತದೆ.

ಒಂದು ಫೋಲ್ಡರಿನ ಹಾಡುಗಳನ್ನೆಲ್ಲ ಸಾಲಾಗಿ ನುಡಿಸಲು:

ಫಾರ್ ಎಫ್ ಇನ್ *.ಫ್ಲ್ಯಾಕ್; ಡು ಪಿಎಪ್ಲೇ "$ಎಫ್"; ಡನ್

ಉದ್ಧರಣ ಚಿಹ್ನೆ ಬಿಟ್ಟರೆ ‘ಬೆಳಗಿನ ಗಂಟೆ’ ಎಂಬ ಹೆಸರು ಎರಡು ಫೈಲ್ ಆಗಿ ಒಡೆಯುತ್ತದೆ. ಕ್ರಮ ಅಕ್ಷರಗಳ ಪ್ರಕಾರ, ಆದ್ದರಿಂದ 10 ಎಂಬುದು 2ಕ್ಕಿಂತ ಮೊದಲು ಬರುತ್ತದೆ. 01, 02 ಎಂದು ಹೆಸರಿಡಿ. ಕಂಟ್ರೋಲ್-ಸಿ ಒತ್ತಿದರೆ ಪಿಎಪ್ಲೇ ಆ ಸಂಕೇತವನ್ನು ತಾನೇ ನುಂಗಿ ಮರ್ಯಾದೆಯಿಂದ ಮುಗಿಯುತ್ತದೆ, ಟರ್ಮಿನಲ್‌ನಲ್ಲಿ ಕಮಾಂಡ್ ಓಡಿಸುವ ಬ್ಯಾಶ್ ಮುಂದಿನ ಹಾಡಿಗೆ ಹೋಗುತ್ತದೆ. ಇಡೀ ಸರಣಿ ನಿಲ್ಲಬೇಕಿದ್ದರೆ ಸಾಲನ್ನು ಸ್ಕ್ರಿಪ್ಟ್‌ಗೆ ಹಾಕಿ, ಮೊದಲಿಗೆ ಟ್ರ್ಯಾಪ್ 'ಎಕ್ಸಿಟ್' ಐಎನ್‌ಟಿ ಎಂದು ಸೇರಿಸಿ. ಕೊನೆಯ ಮೂರು ದೊಡ್ಡಕ್ಷರ.

ಹಂತ 4: ಎಲ್ಲಿಗೆ, ಎಷ್ಟು ಜೋರಾಗಿ

ಸಿಂಕ್‌ಗಳ ಪಟ್ಟಿ:

ಪಿಎಸಿಟಿಎಲ್ ಲಿಸ್ಟ್ ಶಾರ್ಟ್ ಸಿಂಕ್ಸ್

ಪ್ರತಿ ಸಾಲಿನ ಮೊದಲಿಗೆ ಸಂಖ್ಯೆ, ಆಮೇಲೆ ಉದ್ದನೆಯ ಹೆಸರು, ಕೊನೆಗೆ ಸ್ಥಿತಿ. ಸ್ಕ್ರಿಪ್ಟ್ ಬರೆಯುವಾಗ ಹೆಸರನ್ನೇ ಬಳಸಿ. ಸಂಖ್ಯೆ ಹೆಡ್‌ಫೋನ್ ಕಿತ್ತು ಹಾಕಿದರೂ ಬದಲಾಗುತ್ತದೆ. ಆ ಹೆಸರನ್ನು ಪಿಎಪ್ಲೇಗೆ --ಡಿವೈಸ್= ಎಂದೂ, ಪಿಡಬ್ಲ್ಯು-ಪ್ಲೇಗೆ --ಟಾರ್ಗೆಟ್= ಎಂದೂ ಕೊಡಬೇಕು. ಪಿಎಪ್ಲೇಯಿಂದ ‘ನೋ ಸಚ್ ಎಂಟಿಟಿ’ ಎಂಬ ಉತ್ತರ ಬಂದರೆ ಹೆಸರಿನಲ್ಲಿ ತಪ್ಪಿದೆ, ಅಥವಾ ಆ ಸಾಧನ ಈಗ ಜೋಡಣೆಯಲ್ಲಿಲ್ಲ.

ಹಾಡುತ್ತಿರುವುದನ್ನು ನಡುವೆ ಬೇರೆ ಕಡೆಗೆ ತಿರುಗಿಸಲೂ ಬರುತ್ತದೆ, ಸರ್ವರ್ ಇಟ್ಟುಕೊಂಡಿರುವುದರ ಸುಖ ಇದೇ. ಲಿಸ್ಟ್ ಶಾರ್ಟ್ ಸಿಂಕ್-ಇನ್‌ಪುಟ್ಸ್ ಎಂದರೆ ಓಡುತ್ತಿರುವ ಧಾರೆಗಳ ಸಂಖ್ಯೆ ಸಿಗುತ್ತದೆ. ಧಾರೆ 57 ಆದರೆ:

ಪಿಎಸಿಟಿಎಲ್ ಮೂವ್-ಸಿಂಕ್-ಇನ್‌ಪುಟ್ 57 ಸಿಂಕ್‌ನ-ಹೆಸರು

ವಾಲ್ಯೂಮ್ ವಿಷಯದಲ್ಲಿ ಸ್ವಲ್ಪ ನಿಧಾನ. ಪಿಎಪ್ಲೇಯ ಅಳತೆ 0ಯಿಂದ 65536, ಕೊನೆಯದು ನೂರಕ್ಕೆ ನೂರು. ಹೀಗಾಗಿ:

ಪಿಎಪ್ಲೇ --ವಾಲ್ಯೂಮ್=32768 ಗಂಟೆ.ಫ್ಲ್ಯಾಕ್

ಎಂದರೆ ಶೇ 50. ಪಿಡಬ್ಲ್ಯು-ಪ್ಲೇಯಲ್ಲಿ 1.0 ಪೂರ್ತಿ, --ವಾಲ್ಯೂಮ್=0.5 ಅರ್ಧ. ಎರಡೂ ಅರ್ಧವೇ ಆದರೂ ಕೇಳಿಸುವುದು ಒಂದೇ ಅಲ್ಲ. ಪಲ್ಸ್‌ಆಡಿಯೊದ ಶೇಕಡಾ ಅಳತೆ ಘನದ ಲೆಕ್ಕ: ಅರ್ಧದ ಘನ ಎಂಟನೇ ಒಂದು ಪಾಲು, ಅಂದರೆ ಸುಮಾರು 18 ಡೆಸಿಬೆಲ್ ಇಳಿಕೆ. ಪಿಡಬ್ಲ್ಯು-ಪ್ಲೇಯದು ನೇರ ಗುಣಾಕಾರ, 6 ಡೆಸಿಬೆಲ್ ಮಾತ್ರ. ಸ್ಕ್ರಿಪ್ಟಿನಲ್ಲಿ ಒಂದನ್ನು ತೆಗೆದು ಇನ್ನೊಂದನ್ನು ಹಾಕಿದವರು 0.5ರ ಜಾಗದಲ್ಲಿ 0.125 ಬರೆಯಬೇಕು. ಇಲ್ಲದಿದ್ದರೆ ಬೆಳಗಿನ ಅಲಾರಾಂ ಪಕ್ಕದ ಮನೆಯವರನ್ನೂ ಎಬ್ಬಿಸುತ್ತದೆ.

ಒಂದು ಧಾರೆಯದಲ್ಲದೆ ಇಡೀ ಸಿಂಕ್‌ನ ವಾಲ್ಯೂಮ್ ಬದಲಿಸಲು:

ಪಿಎಸಿಟಿಎಲ್ ಸೆಟ್-ಸಿಂಕ್-ವಾಲ್ಯೂಮ್ @ಡೀಫಾಲ್ಟ್_ಸಿಂಕ್@ 60%

ಎರಡು ಆ್ಯಟ್ ಚಿಹ್ನೆಗಳ ನಡುವಿನದು ಪೂರ್ತಿ ದೊಡ್ಡಕ್ಷರ. ಶೇ 100 ದಾಟಿಸಿದರೆ ಸರ್ವರ್ ತಡೆಯುವುದಿಲ್ಲ, ಸದ್ದು ಒಡೆಯುತ್ತದೆ ಅಷ್ಟೇ.

ಬಹಳ ಜನರನ್ನು ಗಂಟೆಗಟ್ಟಲೆ ಕಾಡುವ ಒಂದು ಕುತ್ತು ಇಲ್ಲಿದೆ. ಪ್ರತಿ ಪ್ರೋಗ್ರಾಮ್‌ನ ವಾಲ್ಯೂಮ್, ಮ್ಯೂಟ್, ಸಿಂಕ್ ಮೂರನ್ನೂ ಸರ್ವರ್ ನೆನಪಿಟ್ಟುಕೊಳ್ಳುತ್ತದೆ. ಯಾವತ್ತೋ ಒಂದು ದಿನ ಪಾವುಕಂಟ್ರೋಲ್ ಎಂಬ ವಾಲ್ಯೂಮ್ ಹೊಂದಿಸುವ ಕಿಟಕಿಯಲ್ಲಿ ಪಿಎಪ್ಲೇಯ ಧಾರೆಯನ್ನು ಮ್ಯೂಟ್ ಮಾಡಿ ಮರೆತಿದ್ದರೆ ಇವತ್ತಿಗೂ ಅದು ಮೂಕ. ಬ್ರೌಸರ್ ಹಾಡುತ್ತದೆ, ಪಿಎಪ್ಲೇ ಹಾಡುವುದಿಲ್ಲ. --ಕ್ಲೈಂಟ್-ನೇಮ್=ಬೆಲ್ ಎಂದು ಬೇರೆ ಹೆಸರು ಕೊಟ್ಟು ನೋಡಿ. ಸದ್ದು ಬಂದರೆ ಕಳ್ಳ ಸಿಕ್ಕಿದ. ಆಮೇಲೆ ಮತ್ತೆ ಹಳೆಯ ಹೆಸರಿನಲ್ಲೇ ನುಡಿಸುತ್ತಾ ಪಾವುಕಂಟ್ರೋಲ್‌ನಲ್ಲಿ ಮ್ಯೂಟ್ ತೆಗೆಯಿರಿ.

ಪೈಪ್ ಮೂಲಕ ಸುರಿಯುವುದು

ಫೈಲೇ ಇಲ್ಲದ ಸದ್ದನ್ನೂ, ಅಂದರೆ ಇನ್ನೊಂದು ಪ್ರೋಗ್ರಾಮ್ ಉಗುಳುತ್ತಿರುವುದನ್ನು, ನೇರ ಸರ್ವರ್‌ಗೆ ಹರಿಸಬಹುದು. ಇದಕ್ಕೆ ಪಿಎಕ್ಯಾಟ್. ಫ್ಲ್ಯಾಕ್, ಓಗ್‌ಗಳನ್ನು ಪೈಪಿನಲ್ಲಿ ಹಾಕಲು ಹೋಗಬೇಡಿ. ಪೈಪಿನಲ್ಲಿ ಹಿಂದೆ ಮುಂದೆ ಸರಿದಾಡಲು ಆಗದು, ಅದರಿಂದ ಕೆಲವು ಫಾರ್ಮ್ಯಾಟ್‌ಗಳು ಕೈಕೊಡುತ್ತವೆ. ಮೊದಲು ಕಚ್ಚಾ ಬೈಟ್‌ಗಳಾಗಿ ಬಿಡಿಸಿ:

ಎಫ್‌ಎಫ್‌ಎಂಪೆಗ್ -ಐ ಹಾಡು.ಎಂ4ಎ -ಎಫ್ ಎಸ್16ಎಲ್‌ಇ -ಎಸಿ 2 -ಎಆರ್ 48000 - | ಪಿಎಕ್ಯಾಟ್ --ಫಾರ್ಮ್ಯಾಟ್=ಎಸ್16ಎಲ್‌ಇ --ರೇಟ್=48000 --ಚಾನೆಲ್ಸ್=2

ಕಚ್ಚಾ ಬೈಟ್‌ಗಳಿಗೆ ವೇಗ, ಬಿಟ್, ಚಾನೆಲ್ ಎಷ್ಟೆಂದು ಹೇಳುವ ತಲೆಬರಹ ಇರುವುದಿಲ್ಲ, ಆದ್ದರಿಂದ ಪೈಪಿನ ಎರಡೂ ಬದಿಯಲ್ಲಿ ಅದೇ ಸಂಖ್ಯೆ ಇರಲೇಬೇಕು. ಪಿಎಕ್ಯಾಟ್‌ಗೆ ಏನೂ ಹೇಳದಿದ್ದರೆ 44100 ಹರ್ಟ್ಸ್, 16 ಬಿಟ್, ಎರಡು ಚಾನೆಲ್ ಎಂದುಕೊಳ್ಳುತ್ತದೆ. ತಪ್ಪಿದರೆ ಎಲ್ಲಿ ತಪ್ಪಿತೆಂದು ಕಿವಿಯೇ ಹೇಳುತ್ತದೆ. 48000ರದನ್ನು 44100 ಎಂದು ನುಡಿಸಿದರೆ ವೇಗ ಶೇ 8ರಷ್ಟು ಇಳಿದು ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಕೆಳಗೆ ಜಾರುತ್ತದೆ. ತಂಬೂರಿ ಹಿಡಿದು ಕೂತವರಿಗೆ ತಕ್ಷಣ ಗೊತ್ತಾಗುತ್ತದೆ, ಬರೀ ಮಾತು ಕೇಳುವವರಿಗೆ ಗೊತ್ತಾಗದೆಯೂ ಹೋಗಬಹುದು. ಒಂದು ಚಾನೆಲ್‌ನದನ್ನು ಎರಡು ಎಂದುಕೊಂಡರೆ ಎರಡು ಪಟ್ಟು ವೇಗ, ಒಂದು ಸ್ಥಾಯಿ ಮೇಲೆ, ಗುಬ್ಬಚ್ಚಿ ದನಿ. ಬರೀ ಗದ್ದಲ ಬಂದರೆ ಬಿಟ್‌ಗಳ ಲೆಕ್ಕ ಅಥವಾ ಬೈಟ್‌ಗಳ ಕ್ರಮ ತಪ್ಪಿದೆ.

ಕನ್ನಡದಲ್ಲಿ ಮಾತಾಡಿಸಬೇಕೆ? ಈಸ್ಪೀಕ್-ಎನ್‌ಜಿಯಲ್ಲಿ ಕನ್ನಡ ಇದೆ, ಅದರ ಸಂಕೇತ ಕೆಎನ್:

ಈಸ್ಪೀಕ್-ಎನ್‌ಜಿ -ವಿ ಕೆಎನ್ -ಡಬ್ಲ್ಯು ಮಾತು.ಡಬ್ಲ್ಯುಎವಿ "ಮೊದಲ ಪೀರಿಯಡ್ ಮುಗಿಯಿತು"
ಪಿಎಪ್ಲೇ ಮಾತು.ಡಬ್ಲ್ಯುಎವಿ

ಹುಟ್ಟುವ ಫೈಲ್ 22050 ಹರ್ಟ್ಸ್, ಒಂದೇ ಚಾನೆಲ್. ತಲೆಬರಹ ಇರುವುದರಿಂದ ಸರ್ವರ್ ತಾನೇ ಹೊಂದಿಸಿಕೊಳ್ಳುತ್ತದೆ. ದನಿ ಯಂತ್ರದ್ದೇ, ಒತ್ತಕ್ಷರಗಳಲ್ಲಿ ತಡವರಿಸುತ್ತದೆ. ಘೋಷಣೆಗೆ ಸಾಕು, ಕವಿತೆಗೆ ಬೇಡ.

ಹೊತ್ತಿಗೆ ಸರಿಯಾಗಿ ಗಂಟೆ: ಎಲ್ಲ ತೊಡಕುಗಳೂ ಒಂದೇ ಕಡೆ

ಹಳೆಯ ಕಂಪ್ಯೂಟರ್ ಒಂದಕ್ಕೆ ಆಂಪ್ಲಿಫೈಯರ್ ಜೋಡಿಸಿ ಶಾಲೆಯ ಬೆಲ್ ಅಥವಾ ಮನೆಯ ಅಲಾರಾಂ ಮಾಡಿಕೊಳ್ಳುವವರು ಬಹಳ. ಟರ್ಮಿನಲ್‌ನಲ್ಲಿ ಚೆನ್ನಾಗಿ ನಡೆದ ಕಮಾಂಡ್, ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸುವ ಕ್ರಾನ್‌ಗೆ ಹಾಕಿದ ಕೂಡಲೇ ಮೌನ ತಾಳುತ್ತದೆ. ಸರ್ವರ್ ಹುಡುಕುವ ದಾರಿ ಒಂದು ಪರಿಸರ ಚರದಲ್ಲಿದೆ, ಕ್ರಾನ್‌ಗೆ ಅದು ಸಿಗುವುದಿಲ್ಲ. ಬೆಳಿಗ್ಗೆ 9:30ಕ್ಕೆ ಗಂಟೆ ಹೊಡೆಯುವ ಸಾಲು ಹೀಗಿರಲಿ:

30 9 * * 1-6 ಎಕ್ಸ್‌ಡಿಜಿ_ರನ್‌ಟೈಮ್_ಡಿಐಆರ್=/ರನ್/ಯೂಸರ್/1000 /ಯುಎಸ್‌ಆರ್/ಬಿನ್/ಪಿಎಪ್ಲೇ /ಹೋಮ್/ಶಾಲೆ/ಗಂಟೆ.ಫ್ಲ್ಯಾಕ್

ಚರದ ಹೆಸರು ಪೂರ್ತಿ ದೊಡ್ಡಕ್ಷರ. 1000 ಎಂಬುದು ನಿಮ್ಮ ಬಳಕೆದಾರ ಸಂಖ್ಯೆ, ಐಡಿ -ಯು ಎಂದು ಕೇಳಿ ಖಚಿತ ಮಾಡಿಕೊಳ್ಳಿ. 1-6 ಅಂದರೆ ಸೋಮವಾರದಿಂದ ಶನಿವಾರ. ಈ ಸಾಲು ಬರೆಯುವ ಪಟ್ಟಿ, ಅಂದರೆ ಕ್ರಾನ್‌ಟ್ಯಾಬ್, ನಿಮ್ಮದೇ ಇರಲಿ, ರೂಟ್‌ನದು ಬೇಡ: ರೂಟ್‌ಗೆ ನಿಮ್ಮ ಸರ್ವರ್ ಕಾಣುವುದಿಲ್ಲ. ಸುಡೊ ಪಿಎಪ್ಲೇ ಎಂದಾಗ ‘ಕನೆಕ್ಷನ್ ರೆಫ್ಯೂಸ್ಡ್’ ಬರುವುದೂ ಇದೇ ಕಾರಣಕ್ಕೆ.

ಕ್ರಾನ್‌ಟ್ಯಾಬಿನಲ್ಲಿ ಶೇಕಡಾ ಚಿಹ್ನೆಗೆ ಬೇರೆ ಅರ್ಥವಿದೆ, ಅದು ಹೊಸ ಸಾಲು ಎಂದಾಗುತ್ತದೆ. ವಾಲ್ಯೂಮ್ 60% ಎಂದು ಬರೆದರೆ ಸಾಲು ಅಲ್ಲೇ ಕತ್ತರಿಸಿಹೋಗುತ್ತದೆ. ಚಿಹ್ನೆಯ ಎಡಕ್ಕೆ ತಾಗಿಸಿ ಒಂದು \ ಹಾಕಿ, ಇಲ್ಲವೇ ಎಲ್ಲವನ್ನೂ ಸ್ಕ್ರಿಪ್ಟಿಗೆ ಸೇರಿಸಿ ಕ್ರಾನ್‌ನಿಂದ ಸ್ಕ್ರಿಪ್ಟನ್ನು ಕರೆಯಿರಿ. ಎರಡನೆಯದೇ ವಾಸಿ.

ಯಾರೂ ಲಾಗಿನ್ ಆಗದಿದ್ದರೆ ಸರ್ವರ್ರೇ ಇರುವುದಿಲ್ಲ. ಕರೆಂಟ್ ಹೋಗಿ ಬಂದ ಮೇಲೂ ಗಂಟೆ ಹೊಡೆಯಬೇಕಿದ್ದರೆ:

ಸುಡೊ ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್ ಶಾಲೆ

ಇಲ್ಲಿ ಕೊನೆಯದು ಬಳಕೆದಾರರ ಹೆಸರು. ಇಷ್ಟಾದರೂ ಡಮ್ಮಿ ಸಿಂಕ್ ಮಾತ್ರ ಕಾಣಬಹುದು, ಏಕೆಂದರೆ ಕಾರ್ಡ್ ಮುಟ್ಟುವ ಅನುಮತಿ ಪರದೆಯ ಮುಂದೆ ಲಾಗಿನ್ ಆದವರಿಗಷ್ಟೇ ಸಿಗುತ್ತದೆ. ಆ ಬಳಕೆದಾರರನ್ನು ಆಡಿಯೊ ಎಂಬ ಗುಂಪಿಗೆ ಸೇರಿಸಿ ಯಂತ್ರವನ್ನು ಮರುಪ್ರಾರಂಭಿಸಿ.

ಇನ್ನೊಂದು ದೂರು: ಗಂಟೆಯ ಮೊದಲ ಅರ್ಧ ಸೆಕೆಂಡ್ ನುಂಗಿಹೋಗುತ್ತದೆ. ಸದ್ದಿಲ್ಲದೆ 5 ಸೆಕೆಂಡ್ ಕಳೆದರೆ ಸರ್ವರ್ ಸಿಂಕ್‌ಅನ್ನು ಮಲಗಿಸುತ್ತದೆ, ಪಟ್ಟಿಯಲ್ಲಿ ಸಸ್ಪೆಂಡೆಡ್ ಎಂದು ಕಾಣುವುದು ಇದನ್ನೇ. ಎಚ್‌ಡಿಎಂಐ ಟಿವಿ, ಬ್ಲೂಟೂತ್ ಸ್ಪೀಕರ್‌ಗಳು ಏಳಲು ಹೊತ್ತು ತೆಗೆದುಕೊಳ್ಳುತ್ತವೆ. ಅಷ್ಟರಲ್ಲಿ ಢಣ್ ಎಂಬುದರ ಢ ಹೋಗಿರುತ್ತದೆ. ಮಲಗುವುದನ್ನೇ ತಪ್ಪಿಸಬಹುದು, ಆದರೆ ಫೈಲಿನ ಮುಂದೆ ಒಂದು ಸೆಕೆಂಡ್ ಮೌನ ಅಂಟಿಸುವುದು ಸುಲಭ:

ಸಾಕ್ಸ್ ಗಂಟೆ.ಫ್ಲ್ಯಾಕ್ ಗಂಟೆ-ಹೊಸ.ಫ್ಲ್ಯಾಕ್ ಪ್ಯಾಡ್ 1

ಸಾಕ್ಸ್ ಅಂದರೆ ಎಸ್, ಒ, ಎಕ್ಸ್. ಪದೇ ಪದೇ ಬೇಕಾಗುವ ಪುಟ್ಟ ಸದ್ದನ್ನು ಸರ್ವರ್‌ನ ನೆನಪಿನಲ್ಲೇ ಇಡುವುದೂ ಉಂಟು:

ಪಿಎಸಿಟಿಎಲ್ ಅಪ್‌ಲೋಡ್-ಸ್ಯಾಂಪಲ್ ಗಂಟೆ.ಫ್ಲ್ಯಾಕ್ ಬೆಲ್
ಪಿಎಸಿಟಿಎಲ್ ಪ್ಲೇ-ಸ್ಯಾಂಪಲ್ ಬೆಲ್

ಬಿಚ್ಚಿದ ಗಾತ್ರ 16 ಎಂಬಿ ಮೀರಬಾರದು, ಸಿಡಿ ಗುಣಮಟ್ಟದಲ್ಲಿ ಸುಮಾರು ಒಂದೂವರೆ ನಿಮಿಷ. ಪ್ಲೇ-ಸ್ಯಾಂಪಲ್ ಸದ್ದು ಮುಗಿಯುವ ತನಕ ಕಾಯುವುದಿಲ್ಲ, ಸರ್ವರ್ ಮರುಪ್ರಾರಂಭವಾದರೆ ನೆನಪೂ ಉಳಿಯುವುದಿಲ್ಲ.

ಬೇರೆ ಯಂತ್ರದ ಸ್ಪೀಕರ್

ಎಸ್‌ಎಸ್‌ಎಚ್ ಮೂಲಕ ದೂರದ ಯಂತ್ರಕ್ಕೆ ಹೋಗಿ ಪಿಎಪ್ಲೇ ಕೊಟ್ಟರೆ ಸದ್ದು ಬರುವುದು ಅಲ್ಲಿ, ನಿಮ್ಮ ಮುಂದೆ ಅಲ್ಲ. ನಿಮ್ಮ ಮುಂದೆಯೇ ಬರಬೇಕಿದ್ದರೆ ನಿಮ್ಮ ಯಂತ್ರದಲ್ಲಿ:

ಪಿಎಸಿಟಿಎಲ್ ಲೋಡ್-ಮಾಡ್ಯೂಲ್ ಮಾಡ್ಯೂಲ್-ನೇಟಿವ್-ಪ್ರೋಟೊಕಾಲ್-ಟಿಸಿಪಿ ಲಿಸನ್=127.0.0.1

ಆಮೇಲೆ ಎಸ್‌ಎಸ್‌ಎಚ್‌ಗೆ -ಆರ್ 4713:127.0.0.1:4713 ಎಂದು ಸೇರಿಸಿ ಹೋಗಿ, ಆರ್ ದೊಡ್ಡಕ್ಷರ. ಅಲ್ಲಿ ಪಿಎಪ್ಲೇಯ ಮುಂದೆ ಪಲ್ಸ್_ಸರ್ವರ್=ಟಿಸಿಪಿ:127.0.0.1:4713 ಎಂದು ಬರೆಯಿರಿ. ಸಮ ಚಿಹ್ನೆಯ ಎಡಗಡೆಯದು ದೊಡ್ಡಕ್ಷರ. ನಿಮ್ಮ ಯಂತ್ರದಲ್ಲಿರುವುದು ಪಲ್ಸ್‌ಆಡಿಯೊ ಆದರೆ ~/.ಕಾನ್ಫಿಗ್/ಪಲ್ಸ್/ಕುಕಿ ಎಂಬ 256 ಬೈಟ್‌ನ ಫೈಲ್ ಎರಡೂ ಕಡೆ ಒಂದೇ ಇರಬೇಕು. ಬಾಗಿಲು ತೆರೆದಿಡುವ ಆತ್-ಅನಾನಿಮಸ್=1 ಎಂಬ ಸುಲಭದ ಸಲಹೆ ಎಲ್ಲೆಡೆ ಸಿಗುತ್ತದೆ, ಒಪ್ಪಬೇಡಿ. ಆ ಬಾಗಿಲಿನಿಂದ ಸದ್ದು ಒಳಗೆ ಬರುವುದಷ್ಟೇ ಅಲ್ಲ, ನಿಮ್ಮ ಮೈಕ್ ಕೇಳಿಸಿಕೊಳ್ಳಲೂ ಆಗುತ್ತದೆ. ಸದ್ದು ಹೋಗುವುದು ಬಿಚ್ಚಿದ ರೂಪದಲ್ಲಿ, 48000 ಹರ್ಟ್ಸ್ ಸ್ಟೀರಿಯೊಗೆ ಸೆಕೆಂಡಿಗೆ 1.5 ಮೆಗಾಬಿಟ್, ದುರ್ಬಲ ವೈಫೈಯಲ್ಲಿ ತುಂಡಾಗುತ್ತದೆ.

ಎಲ್ಲ ಮಾಡಿಯೂ ಮೌನ

ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ನೋಡಿ, ಮಧ್ಯದಿಂದ ಶುರು ಮಾಡಬೇಡಿ. ಉದ್ದನೆಯ ಫೈಲ್ ಒಂದನ್ನು ನುಡಿಸುತ್ತಾ ಇನ್ನೊಂದು ಟರ್ಮಿನಲ್‌ನಲ್ಲಿ ಪಿಎಸಿಟಿಎಲ್ ಲಿಸ್ಟ್ ಸಿಂಕ್-ಇನ್‌ಪುಟ್ಸ್ ಕೊಡಿ. ನಿಮ್ಮ ಧಾರೆಯೇ ಪಟ್ಟಿಯಲ್ಲಿಲ್ಲದಿದ್ದರೆ ಫೈಲ್ ಸರ್ವರ್‌ಗೆ ತಲುಪಿಲ್ಲ. ಇದ್ದು, ಮ್ಯೂಟ್ ಎಂಬಲ್ಲಿ ಯೆಸ್ ಎಂದಿದ್ದರೆ ಆಗಲೇ ಹೇಳಿದ ಹಳೆಯ ನೆನಪಿನ ಕಾಟ. ಧಾರೆ ಸರಿಯಿದ್ದರೆ ಅದು ಯಾವ ಸಿಂಕ್‌ಗೆ ಹೋಗುತ್ತಿದೆ ನೋಡಿ; ಸ್ಪೀಕರೇ ಇಲ್ಲದ ಮಾನಿಟರ್‌ನ ಎಚ್‌ಡಿಎಂಐಗೆ ಹಾಡುತ್ತಿರುವ ಲ್ಯಾಪ್‌ಟಾಪ್‌ಗಳು ಹೇರಳ. ಬೇಕಾದ ಸಿಂಕ್ ಪಟ್ಟಿಯಲ್ಲೇ ಇಲ್ಲ ಎಂದಾದರೆ ಕಾರ್ಡ್‌ನ ಪ್ರೊಫೈಲ್ ಬೇರೆ ಕಡೆ ತಿರುಗಿದೆ. ಪಿಎಸಿಟಿಎಲ್ ಲಿಸ್ಟ್ ಕಾರ್ಡ್ಸ್ ಎಂದು ನೋಡಿ, ಸೆಟ್-ಕಾರ್ಡ್-ಪ್ರೊಫೈಲ್‌ನಿಂದ ತಿರುಗಿಸಿ.

ಬ್ಲೂಟೂತ್‌ನಲ್ಲಿ ಸದ್ದು ಬಂದರೂ ಹಳೆಯ ಟೆಲಿಫೋನಿನಂತೆ ಕೇಳಿಸಿದರೆ ಅದೂ ಪ್ರೊಫೈಲ್‌ನದೇ ತೊಂದರೆ: ಮೈಕ್ ಬಳಸುವ ಪ್ರೋಗ್ರಾಮ್ ಯಾವುದೋ ಹೆಡ್‌ಸೆಟ್ ಪ್ರೊಫೈಲ್‌ಗೆ ಎಳೆದಿದೆ. ಹಾಡು ಕೇಳಲೆಂದೇ ಇರುವ ಎ2ಡಿಪಿ ಪ್ರೊಫೈಲ್‌ಗೆ ಮರಳಿಸಿ. ಅದರ ಹೆಸರು ಪಲ್ಸ್‌ಆಡಿಯೊದಲ್ಲಿ ಅಡಿಗೆರೆಯೊಂದಿಗೆ ಎ2ಡಿಪಿ_ಸಿಂಕ್, ಪೈಪ್‌ವೈರ್‌ನಲ್ಲಿ ಹೈಫನ್‌ನೊಂದಿಗೆ ಎ2ಡಿಪಿ-ಸಿಂಕ್. ಹಳೆಯ ಸ್ಕ್ರಿಪ್ಟ್ ಹೊಸ ಉಬುಂಟುವಿನಲ್ಲಿ ಬೀಳುವುದು ಎಷ್ಟೋ ಸಲ ಈ ಒಂದು ಗೆರೆಯಿಂದ.

‘ಡಿವೈಸ್ ಆರ್ ರಿಸೋರ್ಸ್ ಬಿಜಿ’ ಎಂದು ಬಂದರೆ ಯಾರೋ ಸರ್ವರ್‌ಅನ್ನು ದಾಟಿ ಕಾರ್ಡನ್ನು ನೇರ ಹಿಡಿದಿದ್ದಾರೆ. ಫ್ಯೂಸರ್ -ವಿ /ಡೆವ್/ಎಸ್‌ಎನ್‌ಡಿ/* ಎಂದರೆ ಹೆಸರು ಬಯಲಾಗುತ್ತದೆ.

ಕೊನೆಯದು ಆಲ್ಸಾ. ಆಲ್ಸಾಮಿಕ್ಸರ್ ತೆರೆದು ಎಫ್6 ಒತ್ತಿ ನಿಜವಾದ ಕಾರ್ಡ್ ಆರಿಸಿ. ಮಾಸ್ಟರ್, ಹೆಡ್‌ಫೋನ್, ಸ್ಪೀಕರ್ ಕಂಬಗಳ ಬುಡದಲ್ಲಿ ಎಂಎಂ ಎಂದಿದ್ದರೆ ಅದು ಮ್ಯೂಟ್. ಎಂ ಒತ್ತಿದರೆ ಅಲ್ಲಿ ಎರಡು ಸೊನ್ನೆ ಬರುತ್ತವೆ. ಆಟೊ-ಮ್ಯೂಟ್ ಮೋಡ್ ಎಂಬ ಕಂಬ ಚಾಲೂ ಇದ್ದು ಹೆಡ್‌ಫೋನ್ ತೂತಿನಲ್ಲಿ ಏನಾದರೂ ಸಿಕ್ಕಿಸಿದ್ದರೆ ಸ್ಪೀಕರ್ ಮಾತಾಡುವುದಿಲ್ಲ, ಅದನ್ನೂ ನೋಡಿ. ಅಲ್ಲಿಯೂ ಎಲ್ಲ ಸರಿಯಿದ್ದರೆ ಇನ್ನು ಎದ್ದು ಹೋಗಿ ನೋಡಬೇಕಾದದ್ದು ಆಂಪ್ಲಿಫೈಯರ್‌ನ ಸ್ವಿಚ್ಚು ಮತ್ತು ವೈರು.